ಊರ ಸೊಸೈಟಿಯಲ್ಲಿ ಊರ ದುಡ್ಡು ಎಷ್ಟಿದೆ?

2024ರ ನವೆಂಬರ್‌ನಲ್ಲಿ ಕರ್ನಾಟಕದ ಸಹಕಾರ ಸಂಘಗಳನ್ನು ಚಿಂತೆಗೆ ಹಚ್ಚಿದ ಸುದ್ದಿಯೊಂದು ಬಂತು. ರೈತರ ಬೆಳೆಸಾಲಕ್ಕಾಗಿ ನಬಾರ್ಡ್ (ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಸಹಕಾರಿ ಬ್ಯಾಂಕುಗಳಿಗೆ ಕಡಿಮೆ ಬಡ್ಡಿಗೆ ಕೊಡುವ ಮರುಸಾಲದ ಮಿತಿ 2023-24ರಲ್ಲಿ 5,600 ಕೋಟಿ ರೂಪಾಯಿ ಇತ್ತು. 2024-25ಕ್ಕೆ ಅದು 2,340 ಕೋಟಿಗೆ ಇಳಿಯಿತು. ಅರ್ಧಕ್ಕಿಂತ ಜಾಸ್ತಿ ಕಡಿತ. ಅದೇ ವರ್ಷ ರಾಜ್ಯ ಸರ್ಕಾರ 35 ಲಕ್ಷ ರೈತರಿಗೆ 25,000 ಕೋಟಿ ಅಲ್ಪಾವಧಿ ಸಾಲ ಕೊಡುವ ಗುರಿ ಇಟ್ಟುಕೊಂಡಿತ್ತು. ರಾಜ್ಯ ಕೇಂದ್ರವನ್ನು ದೂರಿತು, ಮುಖ್ಯಮಂತ್ರಿ ದೆಹಲಿಗೆ ಮೊರೆ ಇಟ್ಟರು.

ಯಾರ ತಪ್ಪು ಎಷ್ಟು ಅನ್ನೋದು ರಾಜಕೀಯದ ಮಾತು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ನಬಾರ್ಡ್‌ನ ಮುಂಬೈ ಕಚೇರಿಯಲ್ಲಿ ಒಂದು ಅಂಕಿ ಬದಲಾದರೆ ಗದಗದ ಪಕ್ಕದ ಹಳ್ಳಿಯ ಸೊಸೈಟಿಯಲ್ಲಿ ಹೊಸ ಸಾಲ ನಿಲ್ಲುವ ಹಾಗಿದೆ. ಊರಿನವರು ಊರಿಗಾಗಿ ಕಟ್ಟಿದ ಸಂಘ ಇಷ್ಟು ದೂರದ ಕೈಗೆ ಹೋಗಿದ್ದು ಯಾವಾಗ? ಇದು ಹೀಗೇ ಶುರುವಾಗಿರಲಿಲ್ಲ, ಅಲ್ವಾ?

ಶುರುವಾದ ಜಾಗ ನಮ್ಮಲ್ಲೇ ಇದೆ. ಗದಗ ತಾಲ್ಲೂಕಿನ ಕಣಗಿನಹಾಳ. ಆಗ ಅದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಊರಿನವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದ ಮೊದಲ ಕೃಷಿ ಪತ್ತಿನ ಸಂಘ ಇದೇ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಪಾಟೀಲರನ್ನು ಸಹಕಾರಿ ರಂಗದ ಪಿತಾಮಹ ಎಂದು ಕರೆಯುತ್ತೇವೆ. ತಮಿಳುನಾಡಿನವರು ತಿರುವಳ್ಳೂರಿನ ಹತ್ತಿರದ ತಿರೂರಿನಲ್ಲಿ 1904ರಲ್ಲೇ ಸಂಘ ನೋಂದಣಿಯಾಗಿತ್ತು ಎನ್ನುತ್ತಾರೆ. ಬರೋಡಾದಲ್ಲಿ ಕಾನೂನು ಬರುವ ಮೊದಲೇ, 1889ರಲ್ಲಿ, ಅನ್ಯೋನ್ಯ ಸಹಕಾರಿ ಮಂಡಳಿ ಹುಟ್ಟಿತ್ತು. ಮೊದಲಿಗರು ಯಾರು ಎಂಬ ವಾದ ನನಗೆ ಅಷ್ಟು ಮುಖ್ಯವಲ್ಲ. ಎರೆಹೊಲದ, ಮಳೆಯನ್ನೇ ನಂಬಿದ ಒಂದು ಹಳ್ಳಿ ಅಷ್ಟು ಬೇಗ ಈ ಹೊಸ ಕೆಲಸಕ್ಕೆ ಧೈರ್ಯ ಮಾಡಿತಲ್ಲ, ಅದು ದೊಡ್ಡದು.

ಆ ಧೈರ್ಯದ ಹಿಂದೆ ಕಷ್ಟ ಇತ್ತು. 1876ರಿಂದ 78ರವರೆಗಿನ ಬರ ಈ ಸೀಮೆಯನ್ನು ಹಿಂಡಿ ಹಾಕಿತ್ತು. ಶತಮಾನದ ಕೊನೆಯಲ್ಲಿ ಮತ್ತೆ ಬರ ಬಂತು. ನಡುವೆ ರೈಲು ಬಂದು ಗದಗ ಹತ್ತಿ ವ್ಯಾಪಾರದ ದೊಡ್ಡ ಪೇಟೆಯಾಯಿತು. ಹತ್ತಿ ಬೆಳೆದವನ ಕೈಗೆ ರಾಶಿಯ ಕಾಲಕ್ಕೆ ರೊಕ್ಕ ಬರುತ್ತಿತ್ತು. ಆದರೆ ಬಿತ್ತಿಗೆಗೆ, ಎತ್ತಿಗೆ, ಮನೆಯ ಖರ್ಚಿಗೆ ಸಾವಕಾರನ ಬಾಗಿಲಿಗೇ ಹೋಗಬೇಕಿತ್ತು. ಅದೇ ಸಾವಕಾರ ಹತ್ತಿಯ ಖರೀದಿದಾರನೂ ಆಗಿದ್ದರೆ ರೈತನಿಗೆ ಬೆಲೆ ಕೇಳುವ ಬಾಯಿಯೇ ಇರುತ್ತಿರಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಅದಾದ ಮೇಲೆ ಸರ್ಕಾರ ರೈತರನ್ನು ಕಾಪಾಡುವ ಕಾನೂನು ತಂದಿತು, ತಗಾವಿ ಸಾಲ (ಬೇಸಾಯಕ್ಕೆ ಸರ್ಕಾರವೇ ಕೊಡುವ ಸಾಲ) ಕೊಟ್ಟಿತು. ಸಾವಕಾರನ ಹಿಡಿತ ಮಾತ್ರ ಸಡಿಲವಾಗಲಿಲ್ಲ. ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿತು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸೆನ್ ಕಟ್ಟಿದ್ದ ಸಂಘಗಳನ್ನು ನೋಡಿಬಂದ ಅವರು, ಇಲ್ಲಿಗೂ ಅಂಥದ್ದೇ ಬೇಕು ಎಂದು ವರದಿ ಕೊಟ್ಟರು. ಸಹಕಾರ ಸಂಘಗಳ 1904ರ ಕಾನೂನು ಬಂದದ್ದು ಹೀಗೆ.

ಆ ಕಾನೂನಿನಲ್ಲಿ ಹಳ್ಳಿಯ ಸಂಘಕ್ಕೆ ಹಾಕಿದ್ದ ಕಟ್ಟುಪಾಡುಗಳನ್ನು ಇವತ್ತು ಓದಿದರೆ ಆಶ್ಚರ್ಯವಾಗುತ್ತದೆ. ಒಂದೇ ಊರಿನ, ಒಬ್ಬರಿಗೊಬ್ಬರು ಗೊತ್ತಿರುವ ಹತ್ತು ಜನ ಸೇರಿದರೆ ಸಂಘ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ರೈತರೇ ಇರಬೇಕು. ಹೊಣೆಗೆ ಮಿತಿಯಿಲ್ಲ. ಸಂಘ ಮುಳುಗಿದರೆ ಸದಸ್ಯ ತನ್ನ ಷೇರು ಹಣ ಕಳೆದುಕೊಂಡು ಕೈ ತೊಳೆದುಕೊಳ್ಳುವ ಹಾಗಿಲ್ಲ, ಅವನ ಹೊಲಮನೆಯೂ ಆ ಸಾಲಕ್ಕೆ ಉತ್ತರ ಕೊಡಬೇಕು. ಲಾಭ ಹಂಚಿಕೊಳ್ಳದೆ ಮೀಸಲು ನಿಧಿಗೆ ಹಾಕಬೇಕು. ಲೆಕ್ಕ ತಪಾಸಣೆ ಪ್ರತಿ ವರ್ಷ ಆಗಲೇಬೇಕು. ಸರ್ಕಾರ ಶುರುವಿನಲ್ಲಿ ಒಂದಿಷ್ಟು ಸಾಲ ಕೊಟ್ಟು ಕೈ ಹಿಡಿಯುತ್ತಿತ್ತು, ಆದರೆ ಊರು ತಾನೇ ಕೂಡಿಸಿದ ಹಣಕ್ಕೆ ಸರಿಸಮವಾಗಿ ಮಾತ್ರ, ಅದೂ ಒಂದು ಮಿತಿಯೊಳಗೆ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಮೊದಲು ಊರಿನ ಹಣ, ಆಮೇಲೆ ಸರ್ಕಾರದ್ದು. ಇವತ್ತು ಕ್ರಮ ತಿರುಗಿದೆ.

ಆ ಕಟ್ಟುಪಾಡಿನಿಂದ ಏನಾಗುತ್ತಿತ್ತು ನೋಡಿ. ಒಬ್ಬ ಸದಸ್ಯ ಎತ್ತು ಕೊಳ್ಳಲು ಸಾಲ ಕೇಳುತ್ತಾನೆ ಅಂದುಕೊಳ್ಳಿ. ಪಂಚರ ಮುಂದೆ ಅರ್ಜಿ ಬರುತ್ತದೆ. ಅವನು ನಿಜವಾಗಿ ಎತ್ತು ಕೊಳ್ಳುತ್ತಾನೋ, ಮದುವೆಗೆ ಖರ್ಚು ಮಾಡುತ್ತಾನೋ ಎಂದು ಅಲ್ಲಿ ಕೂತವರಿಗೆ ಕಾಗದ ನೋಡದೇ ಗೊತ್ತು. ಅವನು ಕಟ್ಟದಿದ್ದರೆ ತಮ್ಮ ಹೊಲಕ್ಕೇ ಕುತ್ತು ಎಂಬುದೂ ಗೊತ್ತು. ಹಾಗಾಗಿ ಸುಮ್ನೆ ಯಾರೂ ಸಹಿ ಹಾಕುತ್ತಿರಲಿಲ್ಲ. ಸಾಲ ಕೊಟ್ಟ ಮೇಲೂ ಎತ್ತು ಕೊಟ್ಟಿಗೆಗೆ ಬಂತಾ ಅಂತ ಕಣ್ಣಿಡುತ್ತಿದ್ದರು. ಬ್ಯಾಂಕಿನ ಅಧಿಕಾರಿ ಎಷ್ಟು ಕಷ್ಟಪಟ್ಟರೂ ಸಿಗದ ಮಾಹಿತಿ ಊರಿನ ಕಟ್ಟೆಯ ಮೇಲೆ ಬಿಟ್ಟಿಯಾಗಿ ಸಿಗುತ್ತಿತ್ತು. ಸಣ್ಣ ಸಂಘದ ಬಂಡವಾಳ ಅಂದರೆ ಹಣಕ್ಕಿಂತ ಜಾಸ್ತಿ ಈ ತಿಳಿವಳಿಕೆಯೇ.

ಇದನ್ನು ಬರೀ ಹೊಗಳಿ ಬಿಡಲು ಆಗುವುದಿಲ್ಲ. ಮಿತಿಯಿಲ್ಲದ ಹೊಣೆ ಇದ್ದಾಗ ಏನೂ ಇಲ್ಲದವನನ್ನು ಜೊತೆಗೆ ಸೇರಿಸಿಕೊಳ್ಳಲು ಉಳ್ಳವರು ಹೆದರುತ್ತಾರೆ. ಊರಿನವರಿಗೆ ಎಲ್ಲ ಗೊತ್ತು ಅನ್ನುವ ಊರಿನಲ್ಲೇ ಯಾರು ಚಾವಡಿಯ ಮೇಲೆ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು ಅನ್ನುವುದೂ ನಿಗದಿಯಾಗಿತ್ತು. ಕೂಲಿಯವರು, ದಲಿತರು, ಹೆಂಗಸರು ಆ ಹತ್ತು ಜನರಲ್ಲಿ ಇರುವುದು ಕಷ್ಟವಿತ್ತು. ಹಳೆಯ ಸಂಘಗಳನ್ನು ನೆನೆಯುವಾಗ ನಾವು ಇದನ್ನು ಮರೆತರೆ ಅನ್ಯಾಯವಾಗುತ್ತದೆ.

ಆದರೂ ಕೆಲಸ ಬೇಗ ಹಬ್ಬಿತು. ಮೈಸೂರು ಸಂಸ್ಥಾನ 1905ರಲ್ಲೇ ತನ್ನದೇ ಕಾನೂನು ಮಾಡಿತು. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಂಘ ಶುರು ಮಾಡಿ, ಆಮೇಲೆ ಜಿಲ್ಲೆಯ ಸಹಕಾರಿ ಬ್ಯಾಂಕಿಗೂ ಅಡಿಪಾಯ ಹಾಕಿದರು. 1912ರ ಕಾನೂನು ಸಾಲವಲ್ಲದ ಕೆಲಸಗಳಿಗೂ ದಾರಿ ತೆರೆಯಿತು. ಹುಬ್ಬಳ್ಳಿ, ಗದಗಗಳಲ್ಲಿ ರೈತರೇ ಸೇರಿ ಹತ್ತಿ ಮಾರುವ ಸಂಘಗಳು ಬಂದವು. ಬೆಂಗಳೂರಿನಲ್ಲಿ 1915ರಲ್ಲಿ ರಾಜ್ಯ ಮಟ್ಟದ ಸಹಕಾರಿ ಬ್ಯಾಂಕಾದ ಇಂದಿನ ಅಪೆಕ್ಸ್ ಬ್ಯಾಂಕ್, ಧಾರವಾಡದಲ್ಲಿ 1916ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕಾದ ಇಂದಿನ ಕೆಸಿಸಿ ಬ್ಯಾಂಕ್ ಹುಟ್ಟಿದವು. ಶಿರಸಿಯಲ್ಲಿ 1923ರಲ್ಲಿ ಅಡಿಕೆ ಬೆಳೆಗಾರರ ಮಾರಾಟ ಸಂಘ ಟಿಎಸ್‌ಎಸ್ ಬಂತು.

1930ರ ಸುತ್ತಿನ ಜಾಗತಿಕ ಕುಸಿತದಲ್ಲಿ ಬೆಳೆಗಳ ಬೆಲೆ ಬಿತ್ತು. ಸಾಲ ಮಾತ್ರ ಹಾಗೇ ಉಳಿಯಿತು. ಎಷ್ಟೋ ಸಂಘಗಳು ಸುಸ್ತಿ ಬಾಕಿಯಲ್ಲಿ ಮುಳುಗಿದವು. ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕ್ ಇಡೀ ದೇಶದಲ್ಲಿ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. 1954ರಲ್ಲಿ ಬಂದ ಅದರ ವರದಿ ಎದೆ ಒಡೆಯುವಂಥದ್ದು. ಐವತ್ತು ವರ್ಷ ದುಡಿದ ಮೇಲೂ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ 3ರ ಆಸುಪಾಸು. ಲೇವಾದೇವಿಗಾರರ ಪಾಲು ಸುಮಾರು ಶೇ 70. ಸಹಕಾರ ಸೋತಿದೆ, ಆದರೂ ಅದು ಗೆಲ್ಲಲೇಬೇಕು ಎಂಬ ತೀರ್ಮಾನಕ್ಕೆ ಸಮಿತಿ ಬಂತು. ಗೆಲ್ಲಿಸಲು ಅದು ತೋರಿದ ದಾರಿ: ಸರ್ಕಾರವೇ ಸಂಘಗಳಲ್ಲಿ ಷೇರುದಾರನಾಗಬೇಕು, ಸಂಘಗಳು ದೊಡ್ಡದಾಗಬೇಕು, ಹೊಣೆಗೆ ಮಿತಿ ಇರಬೇಕು.

ಆ ದಾರಿಯಿಂದ ಒಳ್ಳೆಯದೂ ಆಯಿತು. ಗೊಬ್ಬರ, ಬೀಜ, ಪಡಿತರ ಹಳ್ಳಿಗೆ ಬಂತು. ಲಕ್ಷಗಟ್ಟಲೆ ರೈತರು ಸಾವಕಾರನ ಮನೆಗೆ ಹೋಗುವುದು ತಪ್ಪಿತು. ಸಹಕಾರಿ ರೈತರಿಗಾಗಿ 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಬಂದದ್ದು ಈ ಸಂಘಗಳ ಜಾಲ ಇದ್ದುದರಿಂದಲೇ. ಆದರೆ ಹಣ ಹರಿಯುವ ದಿಕ್ಕು ಬದಲಾಯಿತು. ನಬಾರ್ಡ್‌ನಿಂದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿಗೆ, ಅಲ್ಲಿಂದ ಸೊಸೈಟಿಗೆ, ಕೊನೆಗೆ ರೈತನಿಗೆ. ಮೇಲಿನಿಂದ ಬಂದ ಹಣದ ಷರತ್ತುಗಳೂ ಮೇಲಿನಿಂದಲೇ ಬರುತ್ತವೆ. ಎಕರೆಗೆ ಇಷ್ಟು, ಬೆಳೆಗೆ ಇಷ್ಟು ಎಂದು ಸಾಲದ ಪ್ರಮಾಣ ಜಿಲ್ಲೆಯಲ್ಲಿ ನಿಗದಿಯಾಗುತ್ತದೆ. ಸೊಸೈಟಿಯ ಆಡಳಿತ ಮಂಡಳಿಗೆ ಉಳಿಯುವುದು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ತೀರ್ಮಾನ. ಚುನಾವಣೆಯ ಪೈಪೋಟಿ ಇರುವುದೂ ಅದಕ್ಕೇ.

ಈಗಿನ ಬಡ್ಡಿಯ ಲೆಕ್ಕ ನೋಡೋಣ. ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಶೇ 7. ಸರಿಯಾದ ವೇಳೆಗೆ ಕಟ್ಟಿದರೆ 3 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಶೇ 3 ಬಿಡುತ್ತದೆ. ಉಳಿದದ್ದನ್ನು ಕರ್ನಾಟಕ ಸರ್ಕಾರ ಕಟ್ಟುತ್ತದೆ, ರೈತನಿಗೆ ಬಡ್ಡಿ ಸೊನ್ನೆ. 2023-24ರಲ್ಲಿ ರಾಜ್ಯ ಈ ಮಿತಿಯನ್ನು 5 ಲಕ್ಷಕ್ಕೆ ಏರಿಸಿತು. ರೈತನ ಮಟ್ಟಿಗೆ ಇದು ದೊಡ್ಡ ಆಸರೆ, ಬೇಡ ಎನ್ನುವವನು ನಾನಲ್ಲ. ಸಂಘದ ಕಡೆಯಿಂದ ನೋಡಿದರೆ ಚಿತ್ರ ಬೇರೆ. ರೈತ ಅಸಲು ಕಟ್ಟಿದ, ಬಡ್ಡಿ ಸರ್ಕಾರದಿಂದ ಬರಬೇಕು. ಅದು ಬರುವುದು ತಡವಾದಷ್ಟು ದಿನ ಸೊಸೈಟಿಯೂ ಡಿಸಿಸಿ ಬ್ಯಾಂಕೂ ತಮ್ಮ ಖರ್ಚನ್ನು ತಾವೇ ತೂಗಿಸಬೇಕು. ನಬಾರ್ಡ್‌ನ ಶೇ 4.5ರ ಹಣ ಕಡಿಮೆಯಾದರೆ ಅದೇ ಸಾಲಕ್ಕೆ ಹೊರಗಿನಿಂದ ಜಾಸ್ತಿ ಬಡ್ಡಿಗೆ ಹಣ ತರಬೇಕು. 2024ರಲ್ಲಿ ಪೆಟ್ಟು ಬಿದ್ದದ್ದು ಇಲ್ಲೇ.

ಈ ಬಡ್ಡಿ ರಿಯಾಯಿತಿಗೆ ಒಂದು ಷರತ್ತಿದೆ: ವಾಯಿದೆಯೊಳಗೆ ಕಟ್ಟಬೇಕು. ಆ ಷರತ್ತು ಹಳ್ಳಿಯಲ್ಲಿ ಹೇಗೆ ನಡೆಯುತ್ತದೆ ಎಂದು ಸೊಸೈಟಿಗೆ ಹೋಗಿಬರುವ ಎಲ್ಲರಿಗೂ ಗೊತ್ತು. ಒಬ್ಬ ರೈತನ ಒಂದು ಲಕ್ಷ ಬಾಕಿ ಎಂದಿಟ್ಟುಕೊಳ್ಳಿ. ವಾಯಿದೆ ಹತ್ತಿರ ಬಂತು, ಬೆಳೆ ಇನ್ನೂ ಮಾರಾಟವಾಗಿಲ್ಲ, ಇಲ್ಲವೇ ಮಾರಿದ ರೊಕ್ಕ ಮನೆಗೆ ಖರ್ಚಾಗಿದೆ. ಅಡತಿ ಅಂಗಡಿಯವರ ಹತ್ತಿರವೋ, ಊರಲ್ಲೇ ಕೈಗಡ ಕೊಡುವವರ ಹತ್ತಿರವೋ ಒಂದು ಲಕ್ಷ ತರುತ್ತಾನೆ. ಬೆಳಿಗ್ಗೆ ಸೊಸೈಟಿಗೆ ಕಟ್ಟಿ ರಸೀದಿ ತಗೊಳ್ಳುತ್ತಾನೆ. ಹೊಸ ಸಾಲದ ಕಾಗದಕ್ಕೆ ಸಹಿ ಹಾಕುತ್ತಾನೆ, ಜಾಮೀನುದಾರರೂ ಸಹಿ ಹಾಕುತ್ತಾರೆ. ಕೆಲವು ದಿನಗಳಲ್ಲಿ ಅಷ್ಟೇ ಹಣ ಅವನ ಖಾತೆಗೆ ಮತ್ತೆ ಜಮಾ ಆಗುತ್ತದೆ. ತೆಗೆದು ಕೈಗಡದವರಿಗೆ ಕೊಡುತ್ತಾನೆ, ಮೇಲೆ ಅವರ ಕಮಿಷನ್. ಶೇ 2 ಅಂದರೂ ಎರಡು ಸಾವಿರ ಹೋಯಿತು. ಸರ್ಕಾರದ ಲೆಕ್ಕದಲ್ಲಿ ಇದು ಸೊನ್ನೆ ಬಡ್ಡಿಯ ಸಾಲ, ವಸೂಲಾತಿ ಪೂರ್ತಿ. ಅವನ ಮನೆಯ ಲೆಕ್ಕದಲ್ಲಿ ಎರಡು ಸಾವಿರ ಖರ್ಚು, ಹೊಲಕ್ಕೆ ಹಾಕಲು ಹೊಸದಾಗಿ ಒಂದು ರೂಪಾಯಿಯೂ ಇಲ್ಲ. ಹೊಸ ಸಾಲ ಬರುವುದು ತಡವಾದರೆ ಕೈಗಡದ ಬಡ್ಡಿ ಏರುತ್ತದೆ. ನಬಾರ್ಡ್ ಕಡಿತದ ಸುದ್ದಿ ಕೇಳಿ ಹಳ್ಳಿಗಳಲ್ಲಿ ಹೆದರಿಕೆಯಾದದ್ದು ಈ ಕಾರಣಕ್ಕೆ: ಕಟ್ಟಿದ ಹಣ ತಿರುಗಿ ಬರುತ್ತದೆಯೇ?

ಸಾಲ ಮನ್ನಾದ ವಿಷಯವೂ ಇಲ್ಲೇ ಬರುತ್ತದೆ. 1990ರಲ್ಲಿ ಕೇಂದ್ರ 10,000 ರೂಪಾಯಿವರೆಗೆ ಮನ್ನಾ ಮಾಡಿತು. 2017ರಲ್ಲಿ ರಾಜ್ಯ ಸಹಕಾರ ಸಂಘಗಳ ಸಾಲದಲ್ಲಿ 50,000ದವರೆಗೆ, 2018ರಲ್ಲಿ ಒಂದು ಲಕ್ಷದವರೆಗೆ ಮನ್ನಾ ಘೋಷಿಸಿತು. ಬರಗಾಲದಲ್ಲಿ ಬೆಂದವನಿಗೆ ಮನ್ನಾ ಸಿಕ್ಕರೆ ಅದು ನ್ಯಾಯ ಎಂದೇ ನಾನು ನಂಬುತ್ತೇನೆ. ದೊಡ್ಡ ಕಂಪನಿಗಳ ಸಾಲ ಬರೆದು ಹಾಕುವಾಗ ಇಷ್ಟು ಚರ್ಚೆ ಆಗುವುದಿಲ್ಲ. ಆದರೆ ಮನ್ನಾ ಆಗುವುದು ವಿಧಾನಸೌಧದಲ್ಲಿ, ವಸೂಲಾತಿ ಆಗಬೇಕಾದದ್ದು ಊರಿನಲ್ಲಿ. ಚುನಾವಣೆ ಹತ್ತಿರ ಬಂದರೆ ಕಟ್ಟುವವರೂ ಕಾಯುತ್ತಾರೆ. ಕಾರ್ಯದರ್ಶಿ ಮನೆಮನೆಗೆ ಹೋಗಿ ಕೇಳಿದರೆ ಇರಲಿ ನೋಡೋಣ ಎನ್ನುತ್ತಾರೆ. ಈ ಹಣ ಪಕ್ಕದ ಮನೆಯವನ ಉಳಿತಾಯ ಆಗಿದ್ದರೆ ಹಾಗೆ ಕಾಯಲು ಮನಸ್ಸು ಬರುತ್ತಿರಲಿಲ್ಲ. ಅದು ಬೆಂಗಳೂರಿನದೋ ಮುಂಬೈಯದೋ ಹಣ ಆದ್ದರಿಂದ ಕಾಯಬಹುದು ಅನಿಸುತ್ತದೆ. ಇಲ್ಲಿ ರೈತನ ಗುಣವನ್ನು ದೂರಿ ಪ್ರಯೋಜನವಿಲ್ಲ. ವ್ಯವಸ್ಥೆಯೇ ಅವನಿಗೆ ಹಾಗೆ ಕಲಿಸಿದೆ.

ಪಕ್ಕದಲ್ಲೇ ಬೇರೆ ಉದಾಹರಣೆ ಇದೆ. ದಕ್ಷಿಣ ಕನ್ನಡದ ಹಳ್ಳಿಯ ಸೊಸೈಟಿಗಳಿಗೆ ಹೋದರೆ ಠೇವಣಿ ಇಡಲು ಬಂದವರು ಕಾಣುತ್ತಾರೆ. ಅಡಿಕೆ ಮಾರಿದ ದುಡ್ಡು, ಹೊರದೇಶದಲ್ಲಿ ದುಡಿಯುವ ಮಕ್ಕಳು ಕಳಿಸಿದ ದುಡ್ಡು ಸೊಸೈಟಿಗೆ ಬರುತ್ತದೆ. ಅದೇ ಹಣ ಊರಿನಲ್ಲೇ ಸಾಲವಾಗಿ ಓಡಾಡುತ್ತದೆ. ಅಲ್ಲಿಯ ಜಿಲ್ಲಾ ಸಹಕಾರಿ ಬ್ಯಾಂಕು ವರ್ಷಗಳಿಂದ ಕೃಷಿ ಸಾಲದ ಪೂರ್ತಿ ವಸೂಲಾತಿಯನ್ನು ಹೇಳಿಕೊಳ್ಳುತ್ತಾ ಬಂದಿದೆ. ಗದಗಕ್ಕೂ ಅದೇ ಪಾಠ ಹೇಳಿಬಿಡುವುದು ಸುಲಭ. ಆದರೆ ಅಡಿಕೆ ತೋಟಕ್ಕೂ ಮಳೆಯನ್ನೇ ಕಾಯುವ ಎರೆಹೊಲಕ್ಕೂ ಅಜಗಜಾಂತರ. ಮೂರು ವರ್ಷಕ್ಕೊಮ್ಮೆ ಬೆಳೆ ಕೈಕೊಡುವ ಸೀಮೆಯಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಒಣಬೇಸಾಯದ ಊರುಗಳಿಗೆ ಹೊರಗಿನ ಹಣ ಬೇಕೇ ಬೇಕು. ನನ್ನ ಮಾತು ಇಷ್ಟೇ: ಅದರ ಜೊತೆಗೆ ಊರಿನ ಹಣವೂ ಸ್ವಲ್ಪವಾದರೂ ಇರಬೇಕು. 1905ರಲ್ಲಿ ಕಣಗಿನಹಾಳ ದಕ್ಷಿಣ ಕನ್ನಡಕ್ಕಿಂತ ಸುಖದ ಊರೇನೂ ಆಗಿರಲಿಲ್ಲ. ಹಾಗಿದ್ದೂ ಅಲ್ಲಿ ಸಂಘ ಹುಟ್ಟಿತು. ಇವತ್ತು ಅದೇ ಊರುಗಳಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ವಾರವಾರ ಸಣ್ಣ ಮೊತ್ತ ಕೂಡಿಸುತ್ತಿವೆ. ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂಬ ಹಳೆಯ ಕಟ್ಟುಪಾಡನ್ನು ಈಗ ಪಾಲಿಸುತ್ತಿರುವವರು ಅವರೇ.

ಅವರಲ್ಲಿ ಬಹಳ ಜನರಿಗೆ ಸೊಸೈಟಿಯ ಬೆಳೆಸಾಲ ಮಾತ್ರ ಸಿಗುವುದಿಲ್ಲ. ಯಾಕೆಂದರೆ ಉತಾರದಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಹೆಸರಿಲ್ಲ. ಹೊಲ ಗಂಡನ ಹೆಸರಲ್ಲಿ, ಇಲ್ಲವೇ ತೀರಿಹೋದ ಮಾವನ ಹೆಸರಲ್ಲೇ ಇದೆ. ಲಾವಣಿಗೆ (ಗೇಣಿಗೆ) ಹೊಲ ಮಾಡುವವರ ಕಥೆಯೂ ಇದೇ. ಬಿತ್ತುವವನು, ಗೊಬ್ಬರ ಹಾಕುವವನು, ಮಳೆ ಬಾರದಿದ್ದರೆ ನಷ್ಟ ತಿನ್ನುವವನು ಅವನು. ಸೊನ್ನೆ ಬಡ್ಡಿಯ ಸಾಲ ಸಿಗುವುದು ಪಟ್ಟಣದಲ್ಲಿರುವ ಮಾಲೀಕನಿಗೆ. ಹಳೆಯ ಸಂಘಗಳು ಬಡವನನ್ನು ಹೊಣೆಯ ಭಯದಿಂದ ಹೊರಗಿಟ್ಟವು. ಈಗಿನವು ಕಾಗದದ ನೆಪದಲ್ಲಿ ಹೊರಗಿಡುತ್ತವೆ.

ಈಗ ಕೇಂದ್ರ ಸರ್ಕಾರ ಸಹಕಾರದ ಬಗ್ಗೆ ದೊಡ್ಡ ಮಾತಾಡುತ್ತಿದೆ. 2021ರ ಜುಲೈನಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ಬಂತು. 2022ರಲ್ಲಿ 63,000 ಪ್ರಾಥಮಿಕ ಸಂಘಗಳಿಗೆ ಕಂಪ್ಯೂಟರ್ ಹಾಕುವ 2,516 ಕೋಟಿಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಐದು ವರ್ಷಕ್ಕೆ ಎರಡು ಲಕ್ಷ ಹೊಸ ಸಂಘಗಳ ಗುರಿ ಬಂತು. ವಿಶ್ವಸಂಸ್ಥೆ ಸಹಕಾರ ವರ್ಷ ಎಂದು ಸಾರಿದ್ದ 2025ರಲ್ಲೇ, ಜುಲೈನಲ್ಲಿ, ಹೊಸ ರಾಷ್ಟ್ರೀಯ ಸಹಕಾರ ನೀತಿ ಹೊರಬಂತು. ಕಂಪ್ಯೂಟರ್ ಬರಲಿ, ಅದರಿಂದ ಒಳ್ಳೆಯದೇ. ಪುಸ್ತಕದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಇರುವ ಲೆಕ್ಕಗಳು ಕಡಿಮೆಯಾಗುತ್ತವೆ. ಆದರೆ ಎರಡು ಲಕ್ಷ ಎಂಬ ಗುರಿ ನನಗೆ ಭಯ ಹುಟ್ಟಿಸುತ್ತದೆ. ಗುರಿ ಮುಟ್ಟಿಸಲು ಅಧಿಕಾರಿಗಳು ಕಟ್ಟಿದ ಸಂಘಕ್ಕೂ ಊರಿನವರು ಬೇಕು ಎಂದು ಕಟ್ಟಿದ ಸಂಘಕ್ಕೂ ಬಹಳ ವ್ಯತ್ಯಾಸವಿದೆ. ಹಾಲಿ ಸಂಘಗಳಲ್ಲೇ ಚುನಾವಣೆ ಬಂದಾಗ ಮತದಾರರ ಪಟ್ಟಿಯಿಂದ ಸದಸ್ಯರ ಹೆಸರು ಬಿಟ್ಟುಹೋಗಿ ಕೋರ್ಟಿನವರೆಗೂ ಜಗಳ ಹೋಗುತ್ತದೆ. ಸಭೆಗೆ ಬಂದಿಲ್ಲ, ವ್ಯವಹಾರ ಮಾಡಿಲ್ಲ ಎಂಬ ಕಾರಣ ಕೊಡುತ್ತಾರೆ. ಸಭೆಯ ನೋಟಿಸೇ ಮುಟ್ಟದವನು ಸಭೆಗೆ ಹೇಗೆ ಬಂದಾನು?

ಊರಿನ ಉಳಿತಾಯ ಸೊಸೈಟಿಗೆ ಬರಬೇಕು ಎಂದರೆ ಇನ್ನೊಂದು ತೊಡಕನ್ನೂ ಬಿಚ್ಚಬೇಕು. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಡಿಸಿಸಿ ಬ್ಯಾಂಕಿಗೂ ಇದೆ. ಹಳ್ಳಿಯ ಪ್ರಾಥಮಿಕ ಸೊಸೈಟಿಗೆ ಇಲ್ಲ, ಏಕೆಂದರೆ ಕಾನೂನಿನ ಲೆಕ್ಕದಲ್ಲಿ ಅದು ಬ್ಯಾಂಕ್ ಅಲ್ಲ. ಸೊಸೈಟಿ ಮುಳುಗಿದರೆ ಠೇವಣಿ ಇಟ್ಟವರ ಕೈ ಹಿಡಿಯುವ ಗಟ್ಟಿ ವ್ಯವಸ್ಥೆ ಇಲ್ಲ. ಹೆಚ್ಚಿನ ಬಡ್ಡಿಯ ಆಸೆಗೆ ದುಡ್ಡು ಇಡುವ ಮೊದಲು ಇದನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಬಡ್ಡಿ ಸಹಾಯಧನಕ್ಕೆ ಸಾವಿರಾರು ಕೋಟಿ ಖರ್ಚು ಮಾಡುವ ಸರ್ಕಾರಗಳು ಹಳ್ಳಿಯ ಠೇವಣಿಗೆ ಒಂದು ಭದ್ರತಾ ನಿಧಿ ಕಟ್ಟುವುದನ್ನು ಮೊದಲ ಕೆಲಸವಾಗಿ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಯೇ, ಊರು ಕೂಡಿಸಿದ ಠೇವಣಿ ನೋಡಿ ಅದಕ್ಕೆ ಸರಿಸಮವಾಗಿ ಕಡಿಮೆ ಬಡ್ಡಿಯ ಹಣ ಕೊಡುವ 1904ರ ಪದ್ಧತಿಯನ್ನು ಮತ್ತೆ ತರಬಹುದು. ಒಣಬೇಸಾಯದ ತಾಲ್ಲೂಕುಗಳಿಗೆ ಒಂದಕ್ಕೆ ಮೂರೋ ನಾಲ್ಕೋ ಪಟ್ಟು ಕೊಡಲಿ.

ಸರ್ಕಾರ ಮಾಡುವವರೆಗೆ ಸದಸ್ಯರು ಕಾಯಬೇಕಿಲ್ಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಸೊಸೈಟಿಯ ಸರ್ವ ಸದಸ್ಯರ ಸಭೆ ನಡೆಯುತ್ತದೆ. ವಾರ್ಷಿಕ ವರದಿಯ ಪುಸ್ತಿಕೆ ಕೊಡುತ್ತಾರೆ. ಅದರ ಕೊನೆಯಲ್ಲಿ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಇರುತ್ತದೆ. ಎಡಗಡೆಯ ಸಾಲುಗಳಲ್ಲಿ ಮೂರನ್ನು ಹುಡುಕಿ: ಸದಸ್ಯರ ಷೇರು, ಸದಸ್ಯರ ಠೇವಣಿ, ಡಿಸಿಸಿ ಬ್ಯಾಂಕಿನಿಂದ ಪಡೆದ ಸಾಲ. ಮೊದಲ ಎರಡನ್ನು ಕೂಡಿಸಿ ಮೂರನೆಯದರ ಪಕ್ಕದಲ್ಲಿ ಇಟ್ಟು ನೋಡಿ. ಹಿಂದಿನ ವರ್ಷದ ಪುಸ್ತಿಕೆ ಮನೆಯಲ್ಲಿದ್ದರೆ ಅದನ್ನೂ ತನ್ನಿ. ಆಮೇಲೆ ಎದ್ದು ನಿಂತು ಎರಡು ಪ್ರಶ್ನೆ ಕೇಳಿ. ಸರ್ಕಾರದಿಂದ ಬರಬೇಕಾದ ಬಡ್ಡಿ ಎಷ್ಟು ಬಾಕಿ ಇದೆ? ಈ ವರ್ಷ ಹೊಸದಾಗಿ ಎಷ್ಟು ಜನಕ್ಕೆ ಸಾಲ ಕೊಟ್ಟಿರಿ, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು, ಲಾವಣಿಯವರು ಎಷ್ಟು? ಉತ್ತರ ಏನೇ ಇರಲಿ, ಅದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.